ಮೊದಲು ಓಟ, ಆಮೇಲೆ ಎತ್ತಿನ ಗಾಡಿ: ಎಸ್‌ಎಸ್‌ಡಿಯ ಬರವಣಿಗೆ ನಿಧಾನವಾದಾಗ ದೋಷ ಪತ್ತೆ ಮಾಡುವ ಕ್ರಮ

ಮಂಡ್ಯದ ಒಂದು ಫೋಟೋ ಸ್ಟುಡಿಯೋದಿಂದ ಮದುವೆ ಸೀಸನ್ನಿನ ನಟ್ಟನಡುವೆ ನನಗೆ ಬಂದ ದೂರು ಇದು. ಒಂದು ಮದುವೆಯ ವಿಡಿಯೋ ಫೈಲ್‌ಗಳು, ಒಟ್ಟು 180 ಜಿಬಿ, ಎಡಿಟಿಂಗ್ ಯಂತ್ರದ ಎನ್‌ವಿಎಂಇ ಎಂಬ ಅತಿವೇಗದ ಬಗೆಯ ಡ್ರೈವ್‌ನಿಂದ, ಅದೇ ಯಂತ್ರದೊಳಗಿನ 1 ಟಿಬಿ ಸಾಟಾ ಎಂಬ ಹಳೆಯ, ನಿಧಾನದ ಬಗೆಯ ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ದತ್ತಾಂಶ ಇಡುವ ಡ್ರೈವ್) ಹೋಗಬೇಕು. ಮೊದಲ ಅರ್ಧ ನಿಮಿಷ ಸೆಕೆಂಡಿಗೆ 500 ಎಂಬಿಯ ಸುತ್ತ ಓಡುವ ವೇಗ ಆಮೇಲೆ 30ಕ್ಕೆ ಕುಸಿದು, ಕಾಪಿ ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆ ದಾಟಿರುತ್ತದೆ. “ಮೊದ್ಲು ಚೆನ್ನಾಗೇ ಓಡ್ತದೆ ಸಾರ್, ಆಮೇಲೆ ಎತ್ತಿನ ಗಾಡಿ ಆಗೋಯ್ತದೆ” ಎಂದ ಸ್ಟುಡಿಯೋ ಮಾಲೀಕರು ಡ್ರೈವ್ ಕೆಟ್ಟಿದೆಯೆಂದೇ ತೀರ್ಮಾನಿಸಿ, ಹೊಸದಕ್ಕೆ ಹಣ ಹೊಂದಿಸಿಟ್ಟಿದ್ದರು.

ಅವರ ಆ ಒಂದು ವಾಕ್ಯದಲ್ಲಿಯೇ ರೋಗನಿರ್ಣಯದ ಅರ್ಧ ಭಾಗ ಇತ್ತು. ಎಸ್‌ಎಸ್‌ಡಿಯ ಬರವಣಿಗೆ ನಿಧಾನವಾಗಲು ಹತ್ತಾರು ಕಾರಣಗಳಿದ್ದರೂ, ಪ್ರತಿಯೊಂದು ಕಾರಣವೂ ವೇಗವನ್ನು ತನ್ನದೇ ಬಗೆಯಲ್ಲಿ ತಗ್ಗಿಸುತ್ತದೆ. ಎಷ್ಟು ನಿಧಾನ ಎಂದು ಕೇಳುವ ಮೊದಲು ಯಾವ ಹೊತ್ತಿನಲ್ಲಿ ನಿಧಾನ ಎಂದು ಕೇಳಿದರೆ, ಬಿಚ್ಚಬೇಕಾದ ಸ್ಕ್ರೂಗಳ ಸಂಖ್ಯೆಯೂ ಖರ್ಚಾಗುವ ಹಣವೂ ಬಹಳಷ್ಟು ಕಡಿಮೆಯಾಗುತ್ತವೆ. ಈ ಬರಹದ ಕ್ರಮವೆಲ್ಲ ಆ ಪ್ರಶ್ನೆಯನ್ನೇ ಹಿಡಿದು ಸಾಗುತ್ತದೆ.

ಅಳೆಯುವುದಕ್ಕೆ ಮುಂಚೆ

ಮೊದಲ ಕೆಲಸ ಬ್ಯಾಕಪ್. ನಿಧಾನವಾಗಿರುವ ಡ್ರೈವ್ ಸಾಯುತ್ತಿರುವ ಡ್ರೈವ್ ಆಗಿರುವ ಸಾಧ್ಯತೆ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಪರೀಕ್ಷೆಯೆಂದರೆ ಅದರ ಮೇಲೆ ಇನ್ನಷ್ಟು ಬರೆಯುವುದೇ ಆದ್ದರಿಂದ, ಗಿರಾಕಿಯ ಫೈಲ್‌ಗಳು ಬೇರೊಂದು ಕಡೆ ಭದ್ರವಾದ ಮೇಲೆಯೇ ಮುಂದುವರಿಯಬೇಕು.

ಎರಡನೆಯದು, ಆಪಾದನೆ ಸರಿಯಾದ ಆರೋಪಿಯ ಮೇಲಿದೆಯೇ ಎಂದು ನೋಡುವುದು. ಕಾಪಿ ಎಂಬ ಕೆಲಸದಲ್ಲಿ ಓದುವವನೊಬ್ಬ, ಬರೆಯುವವನೊಬ್ಬ ಇರುತ್ತಾರೆ, ಇಬ್ಬರಲ್ಲಿ ನಿಧಾನವಾದವನ ವೇಗವೇ ಪರದೆಯ ಮೇಲೆ ಕಾಣುತ್ತದೆ. ಕ್ಯಾಮೆರಾದ ಸಾಮಾನ್ಯ ಯುಎಚ್‌ಎಸ್-1 ದರ್ಜೆಯ ಎಸ್‌ಡಿ ಕಾರ್ಡಿನ ಬಸ್, ಅಂದರೆ ದತ್ತಾಂಶ ಸಾಗುವ ದಾರಿಯ, ವೇಗದ ಮಿತಿಯೇ ಸೆಕೆಂಡಿಗೆ 104 ಎಂಬಿ. ಅಂಥ ಕಾರ್ಡಿನಿಂದ ನೇರವಾಗಿ ಎಸ್‌ಎಸ್‌ಡಿಗೆ ಸುರಿಯುವವರಿಗೆ 90ರ ಆಚೆ ಅಂಕಿ ಕಾಣದಿದ್ದರೆ ಅದು ಎಸ್‌ಎಸ್‌ಡಿಯ ತಪ್ಪಲ್ಲ. ಆದ್ದರಿಂದ ಪರೀಕ್ಷೆಗೆ ಮೂಲವಾಗಿ, ಪರೀಕ್ಷಿಸುವ ಡ್ರೈವ್‌ಗಿಂತ ವೇಗವಾದ ಇನ್ನೊಂದು ಡ್ರೈವ್ ಇರಲೇಬೇಕು.

ಮೂರನೆಯ ಎಚ್ಚರಿಕೆ ಅಳೆಯುವ ಸಾಧನದ ಬಗ್ಗೆ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಎಂಬ ಉಚಿತ ತಂತ್ರಾಂಶವನ್ನು ಎಲ್ಲರೂ ಬಳಸುತ್ತಾರೆ, ನಾನೂ ಬಳಸುತ್ತೇನೆ. ಆದರೆ ಅದು ತಾನಾಗಿ ಆರಿಸಿಕೊಳ್ಳುವ ಪರೀಕ್ಷಾ ಫೈಲಿನ ಗಾತ್ರ 1 ಜಿಬಿ, ಮತ್ತು ಅಷ್ಟನ್ನು ಯಾವ ಬಡ ಡ್ರೈವ್ ಕೂಡ ನಗುನಗುತ್ತಾ ನುಂಗುತ್ತದೆ. ಸ್ಟುಡಿಯೋದ ಡ್ರೈವ್ ಕೂಡ ಆ ಪರೀಕ್ಷೆಯಲ್ಲಿ 510 ತೋರಿಸಿ ಪಾಸಾಗಿತ್ತು. ಅದನ್ನು ನೋಡಿಯೇ ಹಿಂದೆ ಒಬ್ಬರು ಡ್ರೈವ್ ಸರಿಯಿದೆ, ವಿಂಡೋಸ್ ಹೊಸದಾಗಿ ಹಾಕಿ ಎಂದು ಹೇಳಿ ಹೋಗಿದ್ದರಂತೆ. ನಿಜವಾದ ಪರೀಕ್ಷೆಗೆ ಕನಿಷ್ಠ 60 ರಿಂದ 100 ಜಿಬಿಯಷ್ಟು ದೊಡ್ಡ ವಿಡಿಯೋ ಫೈಲ್‌ಗಳನ್ನು ಒಂದೇ ಉಸಿರಿನಲ್ಲಿ ಕಾಪಿ ಮಾಡಬೇಕು. ವಿಂಡೋಸ್‌ನ ಕಾಪಿ ಕಿಟಕಿಯಲ್ಲಿ “ಮೋರ್ ಡೀಟೇಲ್ಸ್” ಒತ್ತಿದರೆ ಬರುವ ಹಸಿರು ಗ್ರಾಫ್ ಅನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಿಟ್ಟು ನೋಡಿ, ಎಷ್ಟು ಜಿಬಿ ಆದಾಗ, ಎಷ್ಟು ನಿಮಿಷ ಆದಾಗ ಏನಾಯಿತು ಎಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಮೊದಲ ಕೆಲವು ಸೆಕೆಂಡು ವಿಂಡೋಸ್ ಮುಖ್ಯ ಮೆಮೊರಿಯಲ್ಲಿಯೇ ತುಂಬಿಸಿಕೊಳ್ಳುವುದರಿಂದ ಆ ಹೊತ್ತಿನ ಅಂಕಿಗಳಿಗೆ ಬೆಲೆ ಕೊಡಬೇಕಾಗಿಲ್ಲ.

ಇಳಿಕೆಯ ಆಕಾರ

ಗ್ರಾಫ್ ಮೊದಲ ಕ್ಷಣದಿಂದಲೇ ತಗ್ಗಿನಲ್ಲಿದ್ದು ಕೊನೆಯವರೆಗೂ ಸಮನಾಗಿ ಮಲಗಿದ್ದರೆ ತಪ್ಪು ದಾರಿಯಲ್ಲಿದೆ, ಅಂದರೆ ಕೇಬಲ್, ಪೋರ್ಟ್, ಸ್ಲಾಟ್ ಅಥವಾ ಒಂದು ಸೆಟ್ಟಿಂಗ್‌ನಲ್ಲಿ. ಎತ್ತರದಲ್ಲಿ ಸಾಗಿ, ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಜಿಬಿಗಳ ನಂತರ ಮೆಟ್ಟಿಲಿನಂತೆ ಒಮ್ಮೆಲೇ ಇಳಿದು ಅಲ್ಲಿಯೇ ನಿಂತರೆ ಅದು ಡ್ರೈವ್‌ನೊಳಗಿನ ಕ್ಯಾಶ್, ಅಂದರೆ ಬಂದದ್ದನ್ನು ಮೊದಲು ಇಳಿಸಿಕೊಳ್ಳುವ ವೇಗದ ಜಾಗ, ತುಂಬಿದ ಗುರುತು. ಕೆಲವು ನಿಮಿಷಗಳ ನಂತರ ಗರಗಸದ ಹಲ್ಲಿನಂತೆ ಏರಿಳಿಯತೊಡಗಿದರೆ ಬಿಸಿಯನ್ನು ಶಂಕಿಸಬೇಕು. ಹೊಸದರಲ್ಲಿ ಚೆನ್ನಾಗಿದ್ದು ತಿಂಗಳುಗಳು ಕಳೆದಂತೆ ಮೆಲ್ಲಮೆಲ್ಲನೆ ಸೊರಗಿದ್ದರೆ ಖಾಲಿ ಜಾಗ ಮತ್ತು ಟ್ರಿಮ್ (ಫೈಲ್ ಅಳಿಸಿದ್ದನ್ನು ಡ್ರೈವ್‌ಗೆ ತಿಳಿಸುವ ಆಜ್ಞೆ) ನೋಡಬೇಕು. ವೇಗ ಪೂರ್ತಿ ಸೊನ್ನೆಗೆ ಬಿದ್ದು, ಅರ್ಧ ನಿಮಿಷ ಯಂತ್ರವೇ ಉಸಿರು ಕಟ್ಟಿದಂತಾಗಿ ಮತ್ತೆ ಎದ್ದರೆ ಮಾತ್ರ ನಿಜವಾಗಿ ಗಾಬರಿಪಡಬೇಕಾದ್ದು, ಅದಕ್ಕೆ ಮುಂದೆ ಬರುತ್ತೇನೆ.

ಸ್ಟುಡಿಯೋದ ಗ್ರಾಫ್ ಮೆಟ್ಟಿಲಿನ ಆಕಾರದ್ದು. ಆದರೆ ಆ ಮೆಟ್ಟಿಲು 14 ಜಿಬಿಗೇ ಬಂದದ್ದು, ಅದರ ಕೆಳಗಿನ ನೆಲ 30ರಷ್ಟು ಆಳದಲ್ಲಿದ್ದದ್ದು, ಇವೆರಡೂ ಒಂದೇ ಕಾರಣದಿಂದ ಆಗುವಂಥವಲ್ಲ ಎಂದು ಅನಿಸಿತ್ತು.

ಒಳಗೆ ನಡೆಯುವುದೇನು

ಕಾರಣಗಳಿಗೆ ಕೈ ಹಾಕುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿರಬೇಕು. ಎಸ್‌ಎಸ್‌ಡಿಯ ನ್ಯಾಂಡ್ ಫ್ಲಾಶ್ ಚಿಪ್ಪಿನಲ್ಲಿ ಬರೆಯುವ ಘಟಕ ಬೇರೆ, ಅಳಿಸುವ ಘಟಕ ಬೇರೆ. ಬರೆಯುವುದು ಪುಟದ ಲೆಕ್ಕದಲ್ಲಿ, ಒಂದೊಂದು ಪುಟ ಸಾಮಾನ್ಯವಾಗಿ 4 ರಿಂದ 16 ಕೆಬಿ. ಅಳಿಸುವುದು ಮಾತ್ರ ಬ್ಲಾಕಿನ ಲೆಕ್ಕದಲ್ಲಿ, ಒಂದು ಬ್ಲಾಕಿನಲ್ಲಿ ನೂರಾರು ಪುಟಗಳಿರುತ್ತವೆ. ಸ್ಲೇಟಿನ ಮೇಲೆ ಒಂದೊಂದೇ ಸಾಲು ಬರೆಯಬಹುದು, ಆದರೆ ಒರೆಸುವಾಗ ಇಡೀ ಸ್ಲೇಟನ್ನೇ ಒರೆಸಬೇಕು ಎಂಬ ನಿಯಮವಿದ್ದಂತೆ. ಹಳೆಯ ಸ್ಲೇಟಿನಲ್ಲಿ ಬೇಕಾದ ಸಾಲುಗಳು ನಾಲ್ಕು ಉಳಿದಿದ್ದರೆ, ಮೊದಲು ಅವನ್ನು ಬೇರೆ ಸ್ಲೇಟಿಗೆ ನಕಲು ಮಾಡಿ ಆಮೇಲೆ ಒರೆಸಬೇಕು. ಡ್ರೈವ್‌ನ ಕೆಲಸವನ್ನೆಲ್ಲ ನಡೆಸುವ ಕಂಟ್ರೋಲರ್ ಚಿಪ್ಪು ಹಗಲಿರುಳು ಮಾಡುವ ಈ ಕೆಲಸಕ್ಕೆ ಗಾರ್ಬೇಜ್ ಕಲೆಕ್ಷನ್ ಎಂದು ಹೆಸರು. ನಾವು ಬರೆದದ್ದು 1 ಜಿಬಿಯಾದರೂ ಈ ನಕಲು ಕೆಲಸ ಸೇರಿ ಚಿಪ್ಪಿನ ಮೇಲೆ 2 ಅಥವಾ 3 ಜಿಬಿ ಬರವಣಿಗೆ ಆಗಬಹುದು, ಮತ್ತು ಒರೆಸಿಟ್ಟ ಸ್ಲೇಟುಗಳು ಕಡಿಮೆಯಾದಷ್ಟೂ ಈ ಹೊರೆ ಹೆಚ್ಚುತ್ತದೆ. ಓದುವ ವೇಗ ಚೆನ್ನಾಗಿಯೇ ಇದ್ದು ಬರೆಯುವ ವೇಗ ಮಾತ್ರ ಕುಸಿಯುವುದು ಈ ಕಾರಣಕ್ಕೆ.

ಆರಂಭದಿಂದಲೇ ನಿಧಾನವಾಗಿದ್ದರೆ

ಇಲ್ಲಿ ಅಂಕಿಯೇ ಕಾರಣದ ಹೆಸರು ಹೇಳುತ್ತದೆ. ವೇಗ 35 ರಿಂದ 40 ಎಂಬಿಯ ಆಚೆ ಹೋಗುವುದೇ ಇಲ್ಲವೆಂದರೆ ಹೊರಗಿನ ಎಸ್‌ಎಸ್‌ಡಿ ಯುಎಸ್‌ಬಿ 2.0 ದಾರಿಯಲ್ಲಿ ಸಿಕ್ಕಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಪೋರ್ಟ್ ಸರಿಯಾದ್ದೇ ಆಗಿದ್ದು, ಡ್ರೈವ್‌ನ ಜೊತೆ ಬಂದ ಕೇಬಲ್ ಕಳೆದುಹೋಗಿ, ಮೊಬೈಲ್ ಚಾರ್ಜರಿನ ಟೈಪ್-ಸಿ ಕೇಬಲ್ ಹಾಕಿಕೊಂಡಿರುವ ಪ್ರಕರಣಗಳು ಎಷ್ಟೋ. ಅಂಥ ಕೇಬಲ್‌ಗಳಲ್ಲಿ ಬಹುಪಾಲು ಯುಎಸ್‌ಬಿ 2.0 ತಂತಿಗಳಷ್ಟೇ ಇರುತ್ತವೆ. ಸಾಟಾ ಡ್ರೈವ್ 270ರ ಸುತ್ತ ನಿಂತರೆ ಅದು ಸೆಕೆಂಡಿಗೆ 3 ಗಿಗಾಬಿಟ್‌ನ ಹಳೆಯ ಸಾಟಾ ಪೋರ್ಟಿನಲ್ಲಿದೆ; 6 ಗಿಗಾಬಿಟ್ ಪೋರ್ಟಿಗೆ ಬದಲಿಸಿದರೆ 500 ದಾಟುತ್ತದೆ. ಮೂರನೆಯ ತಲೆಮಾರಿನ ಎನ್‌ವಿಎಂಇ ಡ್ರೈವ್ 3,500ರ ಬದಲು 1,700ರ ಆಸುಪಾಸಿನಲ್ಲಿ ನಿಂತಿದ್ದರೆ ಅದಕ್ಕೆ ದತ್ತಾಂಶ ಸಾಗುವ ನಾಲ್ಕು ಪಥಗಳ ಬದಲು ಎರಡೇ ಸಿಕ್ಕಿವೆ. ಮದರ್‌ಬೋರ್ಡಿನಲ್ಲಿ ಇಂಥ ಡ್ರೈವ್ ಕೂರುವ ಎರಡನೆಯ ಎಂ.2 ಸ್ಲಾಟಿಗೆ ಎಷ್ಟು ಪಥಗಳಿವೆ ಎಂದು ಅದರ ಕೈಪಿಡಿಯಲ್ಲಿ ನೋಡಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶದ “ಟ್ರಾನ್ಸ್‌ಫರ್ ಮೋಡ್” ಸಾಲಿನಲ್ಲಿ ಡ್ರೈವ್‌ಗೆ ಈಗ ಸಿಕ್ಕಿರುವ ವೇಗ ಮತ್ತು ಅದಕ್ಕಿರುವ ಯೋಗ್ಯತೆ, ಎರಡೂ ಅಕ್ಕಪಕ್ಕದಲ್ಲಿ ಕಾಣುತ್ತವೆ.

ದಾರಿ ಸರಿಯಿದ್ದೂ ವೇಗ ಇಲ್ಲವೆಂದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್‌ನ ಪ್ರಾಪರ್ಟೀಸ್ ತೆರೆದು, “ಪಾಲಿಸೀಸ್” ಪುಟದಲ್ಲಿ ರೈಟ್ ಕ್ಯಾಶಿಂಗ್ ಗುರುತು ಹಾಕಿದೆಯೇ ನೋಡಬೇಕು. ಯಾರೋ ತೆಗೆದಿದ್ದರೆ ಬರವಣಿಗೆಯ ವೇಗ ನೆಲಕಚ್ಚುತ್ತದೆ. ಅದರ ಕೆಳಗೇ ಇನ್ನೊಂದು ಚೌಕವಿದೆ, ಬಫರ್ ಫ್ಲಶಿಂಗ್ ನಿಲ್ಲಿಸುವುದು. ವೇಗ ಹೆಚ್ಚಿಸುವ ಉಪಾಯವೆಂದು ಅದನ್ನೂ ಒತ್ತುವವರಿದ್ದಾರೆ. ಬೇಸಿಗೆಯಲ್ಲಿ ಯಾವ ಗಳಿಗೆಯಲ್ಲಿ ಕರೆಂಟು ಹೋಗುತ್ತದೆಂದು ಗೊತ್ತಿಲ್ಲದ ಊರುಗಳಲ್ಲಿ ಕುಳಿತು ಆ ಚೌಕಕ್ಕೆ ಗುರುತು ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ. ಡ್ರೈವ್ ತಲುಪಿತೆಂದು ತಂತ್ರಾಂಶ ನಂಬಿದ ದತ್ತಾಂಶ ಇನ್ನೂ ಮೆಮೊರಿಯಲ್ಲಿಯೇ ಇದ್ದಾಗ ವಿದ್ಯುತ್ ಹೋದರೆ ಫೈಲ್ ವ್ಯವಸ್ಥೆಯೇ ಕೆಡಬಹುದು, ಯುಪಿಎಸ್ ಇದ್ದರೂ ಅದರ ಬ್ಯಾಟರಿಯ ವಯಸ್ಸು ಮಾಲೀಕರಿಗೆ ನೆನಪಿರುವುದಿಲ್ಲ.

ಹಳೆಯ ಯಂತ್ರದ ಡ್ರೈವ್‌ನಲ್ಲಿದ್ದದ್ದನ್ನು ಇದ್ದಂತೆಯೇ ನಕಲು (ಕ್ಲೋನ್) ಮಾಡಿ ಎಸ್‌ಎಸ್‌ಡಿಗೆ ತಂದಿದ್ದರೆ ಪಾರ್ಟಿಶನ್ (ಡ್ರೈವ್‌ನ ವಿಭಾಗ) ಆರಂಭವಾಗುವ ಜಾಗವನ್ನೂ ಒಮ್ಮೆ ನೋಡಬೇಕು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅದು 63ನೆಯ ಸೆಕ್ಟರಿನಿಂದ, ಅಂದರೆ 32,256ನೆಯ ಬೈಟಿನಿಂದ ಶುರುವಾಗುತ್ತಿತ್ತು. ಇದು 4,096ರಿಂದ ಭಾಗವಾಗದ ಕಾರಣ ಪ್ರತಿ ಬರಹವೂ ಎರಡು ಪುಟಗಳ ಅಂಚಿನ ಮೇಲೆ ಬೀಳುತ್ತದೆ. ವಿಸ್ಟಾದಿಂದೀಚೆಗೆ ಆರಂಭ 1 ಎಂಬಿಯ ಗಡಿಯಲ್ಲಿರುವುದರಿಂದ ಈ ತೊಂದರೆ ಈಗ ಅಪರೂಪ.

ಮೆಟ್ಟಿಲಿನಂತೆ ಇಳಿದರೆ

ನಮ್ಮ ಸ್ಟುಡಿಯೋದ ಕಥೆ ಇಲ್ಲಿ ಶುರುವಾಗುತ್ತದೆ. ಇಂದಿನ ಡ್ರೈವ್‌ಗಳಲ್ಲಿ ಒಂದು ಕೋಶಕ್ಕೆ ಮೂರು ಬಿಟ್ ತುಂಬುವ ಟಿಎಲ್‌ಸಿ, ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿ ಚಿಪ್ಪುಗಳಿರುತ್ತವೆ. ಬಿಟ್ ಹೆಚ್ಚಾದಂತೆ ಕೋಶದಲ್ಲಿ ಗುರುತಿಸಬೇಕಾದ ವಿದ್ಯುತ್ ಮಟ್ಟಗಳು ಎಂಟು, ಹದಿನಾರು ಎಂದು ಏರುತ್ತವೆ, ಬರೆಯುವ ಕೆಲಸ ಅಷ್ಟೇ ನಾಜೂಕಾಗಿ, ನಿಧಾನವಾಗಿ ನಡೆಯಬೇಕಾಗುತ್ತದೆ. ಈ ನಿಧಾನವನ್ನು ಮರೆಮಾಡಲು ತಯಾರಕರು ಕೆಲವು ಕೋಶಗಳಿಗೆ ಒಂದೇ ಬಿಟ್ ಬರೆಯುವ ವ್ಯವಸ್ಥೆ ಮಾಡಿ, ಅದನ್ನು ಎಸ್‌ಎಲ್‌ಸಿ ಕ್ಯಾಶ್ ಎನ್ನುತ್ತಾರೆ. ಗಾಡಿಯಲ್ಲಿ ಬಂದ ಭತ್ತದ ಮೂಟೆಗಳನ್ನು ಮೊದಲು ಜಗಲಿಯ ಮೇಲೆ ಇಳಿಸಿಕೊಂಡು ಗಾಡಿಯನ್ನು ಕಳುಹಿಸಿ, ಬಿಡುವಾದಾಗ ಕಣಜಕ್ಕೆ ಸುರಿಯುವ ಪದ್ಧತಿಯೇ ಇದು. ಜಗಲಿ ತುಂಬಿತೆಂದರೆ ಮುಂದಿನ ಮೂಟೆ ನೇರವಾಗಿ ಕಣಜಕ್ಕೇ ಹೋಗಬೇಕು, ಅಷ್ಟು ಹೊತ್ತೂ ಗಾಡಿ ಬಾಗಿಲಲ್ಲಿ ಕಾಯಬೇಕು.

ಕಂಪನಿಗಳು ಪೆಟ್ಟಿಗೆಯ ಮೇಲೆ ಅಚ್ಚು ಹಾಕುವುದು ಜಗಲಿಯ ವೇಗವನ್ನು. ಕಣಜದ ವೇಗ ತಿಳಿಯಲು ವಿವರಪತ್ರಿಕೆಯ ಅಡಿಟಿಪ್ಪಣಿ ಓದಬೇಕು. ಅದನ್ನು ಬಿಚ್ಚಿಯೇ ಹೇಳಿರುವ ಉದಾಹರಣೆ ಸ್ಯಾಮ್‌ಸಂಗ್ 870 ಕ್ಯೂವಿಓ. ಅದರ 1 ಟಿಬಿ ಮಾದರಿಯ ವಿವರದಲ್ಲಿ ಕ್ಯಾಶ್ ಗರಿಷ್ಠ 42 ಜಿಬಿ, ಅದು ಮುಗಿದ ಮೇಲೆ ಬರವಣಿಗೆಯ ವೇಗ ಸೆಕೆಂಡಿಗೆ 80 ಎಂಬಿ ಎಂದಿದೆ. ಹಳೆಯ ಹಾರ್ಡ್ ಡಿಸ್ಕ್‌ಗಳೇ ಇದಕ್ಕಿಂತ ಚುರುಕಾಗಿ ಬರೆಯುತ್ತಿದ್ದವು. ಆ 42 ಜಿಬಿಯಲ್ಲಿ 6 ಜಿಬಿ ಮಾತ್ರ ಕಾಯಂ, ಉಳಿದ 36 ಜಿಬಿ ಡ್ರೈವ್‌ನಲ್ಲಿ ಖಾಲಿ ಜಾಗವಿದ್ದರಷ್ಟೇ ಸಿಗುವಂಥದ್ದು. ನಾಲ್ಕು ಬಿಟ್ ಹಿಡಿಯುವ ಕೋಶಕ್ಕೆ ಒಂದೇ ಬಿಟ್ ತುಂಬುವುದರಿಂದ 1 ಜಿಬಿ ಕ್ಯಾಶ್‌ಗೆ 4 ಜಿಬಿ ಖಾಲಿ ಜಾಗ ಬೇಕಾಗುತ್ತದೆ ಎಂಬ ಲೆಕ್ಕವನ್ನು ನೆನಪಿಟ್ಟರೆ, ಡ್ರೈವ್ ತುಂಬಿದಂತೆ ಜಗಲಿ ಏಕೆ ಕಿರಿದಾಗುತ್ತದೆ ಎಂಬುದು ತಾನಾಗಿ ಅರ್ಥವಾಗುತ್ತದೆ.

ಸ್ಟುಡಿಯೋದ ಡ್ರೈವ್ ಕೂಡ ಕ್ಯೂಎಲ್‌ಸಿಯೇ. ಹೊಸ ಕೆಲಸಕ್ಕೆ ಜಾಗ ಮಾಡಲು ಮಾಲೀಕರು ಆಗಾಗ ಹಳೆಯ ಮದುವೆಗಳನ್ನು ಅಳಿಸುತ್ತಿದ್ದರು, ಹಾಗೆ ಅಳಿಸಿದ ಮೇಲೂ ನಾಲ್ಕನೆಯ ಮೂರು ಭಾಗ ತುಂಬಿಯೇ ಇರುತ್ತಿತ್ತು. ಖಾಲಿಯೆಂದು ವಿಂಡೋಸ್ ತೋರಿಸುತ್ತಿದ್ದ 230 ಜಿಬಿಯ ಲೆಕ್ಕ ಹಿಡಿದರೆ ಅದರ ಕ್ಯಾಶ್ 40 ಜಿಬಿಯ ಹತ್ತಿರ ಇರಬೇಕಿತ್ತು, ಇದ್ದದ್ದು 14. ಅಂದರೆ ವಿಂಡೋಸ್‌ಗೆ ಖಾಲಿಯಾಗಿ ಕಂಡದ್ದು ಡ್ರೈವ್‌ಗೆ ಖಾಲಿಯಾಗಿ ಕಾಣುತ್ತಿರಲಿಲ್ಲ.

ಅಳಿಸಿದ್ದು ಡ್ರೈವ್‌ಗೆ ಗೊತ್ತಾಗಿಲ್ಲದಿದ್ದರೆ

ಒಂದು ಫೈಲ್ ಅಳಿಸಿದಾಗ ವಿಂಡೋಸ್ ತನ್ನ ಪಟ್ಟಿಯಿಂದ ಅದರ ಹೆಸರು ತೆಗೆಯುತ್ತದೆಯೇ ಹೊರತು, ಆ ಪುಟಗಳು ಇನ್ನು ಬೇಡ ಎಂದು ಡ್ರೈವ್‌ಗೆ ಬೇರೆಯಾಗಿ ತಿಳಿಸಬೇಕಾಗುತ್ತದೆ. ಆ ತಿಳಿಸುವ ಆಜ್ಞೆಯೇ ಟ್ರಿಮ್. 2009ರಲ್ಲಿ ಬಂದ ವಿಂಡೋಸ್ 7ರಿಂದ ಈ ಸೌಲಭ್ಯವಿದೆ. ತಿಳಿಸದೇ ಹೋದರೆ ಯಾರಿಗೂ ಬೇಡವಾದ ಹಳೆಯ ಮದುವೆಗಳನ್ನು ಕಂಟ್ರೋಲರ್ ಪ್ರತಿ ಸಲವೂ ಭಕ್ತಿಯಿಂದ ಒಂದು ಸ್ಲೇಟಿನಿಂದ ಇನ್ನೊಂದಕ್ಕೆ ನಕಲು ಮಾಡುತ್ತಲೇ ಇರುತ್ತದೆ.

ಪರಿಶೀಲಿಸಲು ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು “ಎಫ್‌ಎಸ್‌ಯುಟಿಲ್ ಬಿಹೇವಿಯರ್ ಕ್ವೆರಿ ಡಿಸೇಬಲ್‌ಡಿಲೀಟ್‌ನೋಟಿಫೈ” (fsutil behavior query DisableDeleteNotify) ಎಂಬ ಆಜ್ಞೆ ಕೊಡಬೇಕು. ವಿಂಡೋಸ್‌ನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ಎದುರು 0 ಬಂದರೆ ಟ್ರಿಮ್ ಚಾಲೂ ಇದೆ, 1 ಬಂದರೆ ಇಲ್ಲ. ಆಜ್ಞೆಯ ಹೆಸರಿನಲ್ಲಿಯೇ ‘ಬೇಡ’ ಎಂಬ ಅರ್ಥ ಇರುವುದರಿಂದ ಉತ್ತರ ತಲೆಕೆಳಗಾಗಿ ಕಾಣುತ್ತದೆ, ಅನುಭವಿಗಳೂ ಇಲ್ಲಿ ಎಡವುತ್ತಾರೆ. ಸ್ಟುಡಿಯೋದ ಯಂತ್ರದಲ್ಲಿ ಬಂದದ್ದು 1. ಯಂತ್ರವನ್ನು ಚುರುಕು ಮಾಡುತ್ತೇನೆಂದು ಭರವಸೆ ಕೊಡುವ ಯಾವುದೋ ಉಚಿತ ತಂತ್ರಾಂಶವನ್ನು ಹಿಂದೊಮ್ಮೆ ಹಾಕಿದ್ದು ನೆನಪಿದೆ ಎಂದರು ಮಾಲೀಕರು. ಅದೇ ಮಾಡಿತೆಂದು ಪ್ರಮಾಣ ಮಾಡಿ ಹೇಳಲಾರೆ, ಆದರೆ ವಿಂಡೋಸ್ ತಾನಾಗಿ ಹೀಗೆ ಮಾಡಿಕೊಳ್ಳುವುದಿಲ್ಲ.

ಅದೇ ಆಜ್ಞೆಯಲ್ಲಿ ‘ಕ್ವೆರಿ’ಯ ಬದಲು ‘ಸೆಟ್’ ಎಂದು, ಕೊನೆಯಲ್ಲಿ 0 ಎಂದು ಕೊಟ್ಟರೆ ಟ್ರಿಮ್ ಮತ್ತೆ ಚಾಲೂ ಆಗುತ್ತದೆ. ಆದರೆ ಇಷ್ಟಕ್ಕೇ ಕೈಬಿಟ್ಟರೆ ಇನ್ನು ಮುಂದೆ ಅಳಿಸುವ ಫೈಲ್‌ಗಳ ವಿಷಯವಷ್ಟೇ ಡ್ರೈವ್‌ಗೆ ತಿಳಿಯುತ್ತದೆ; ಈವರೆಗೆ ಅಳಿಸಿದ್ದರ ಲೆಕ್ಕ ಒಪ್ಪಿಸಲು “ಡಿಫ್ರಾಗ್ಮೆಂಟ್ ಆಂಡ್ ಆಪ್ಟಿಮೈಜ್ ಡ್ರೈವ್ಸ್” ಎಂಬ ಕಿಟಕಿಯಲ್ಲಿ ಆ ಡ್ರೈವ್ ಆರಿಸಿ “ಆಪ್ಟಿಮೈಜ್” ಒತ್ತಬೇಕು. ಡ್ರೈವ್‌ನ ಬಗೆ “ಸಾಲಿಡ್ ಸ್ಟೇಟ್ ಡ್ರೈವ್” ಎಂದು ಅಲ್ಲಿ ಬರೆದಿದ್ದರೆ ಆ ಗುಂಡಿ ಟ್ರಿಮ್ ಕಳುಹಿಸುತ್ತದೆ. “ಹಾರ್ಡ್ ಡಿಸ್ಕ್ ಡ್ರೈವ್” ಎಂದು ತಪ್ಪಾಗಿ ತೋರಿಸುತ್ತಿದ್ದರೆ ನಿಲ್ಲಿಸಿ, ಚಾಲಕ ತಂತ್ರಾಂಶವನ್ನೂ, ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳು) ಸಾಟಾ ವಿಧಾನ ಎಎಚ್‌ಸಿಐ ಆಗಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಎಫ್‌ಎಸ್‌ಟ್ರಿಮ್ ಇದೆ, ಲಿನಕ್ಸ್‌ನ ಬಹುತೇಕ ಆವೃತ್ತಿಗಳು (ಡಿಸ್ಟ್ರೋಗಳು) ಅದನ್ನು ವಾರಕ್ಕೊಮ್ಮೆ ಓಡಿಸುತ್ತವೆ. ಆದರೆ ಗೂಢಲಿಪೀಕರಿಸಿದ ಪಾರ್ಟಿಶನ್ ಆಗಿದ್ದರೆ ನಾವಾಗಿ ಅನುಮತಿ ಕೊಡುವವರೆಗೆ ಟ್ರಿಮ್ ಕೆಳಗಿಳಿಯುವುದಿಲ್ಲ. ಅಗ್ಗದ ಯುಎಸ್‌ಬಿ ಕವಚಗಳಲ್ಲಿ ಕೆಲವು, ಹಲವು ಡ್ರೈವ್‌ಗಳನ್ನು ಒಂದಾಗಿ ಜೋಡಿಸುವ ಹಳೆಯ ರೇಡ್ ಕಾರ್ಡುಗಳಲ್ಲಿ ಅನೇಕ, ಟ್ರಿಮ್ ಅನ್ನು ಮಧ್ಯದಲ್ಲಿಯೇ ನುಂಗಿಬಿಡುತ್ತವೆ.

ಇಷ್ಟಾದ ಮೇಲೆ ಸ್ಟುಡಿಯೋದಲ್ಲಿ ಇನ್ನೊಂದು ಅಭ್ಯಾಸ ಕಣ್ಣಿಗೆ ಬಿತ್ತು, ಮತ್ತು ನನ್ನ ಮಟ್ಟಿಗೆ ಈ ಪ್ರಕರಣದ ಸ್ವಾರಸ್ಯವೇ ಅದು. ದಿನದ ಕೊನೆಯ ಕೆಲಸವೆಂದರೆ ಕಾಪಿ. ಕಾಪಿ ಮುಗಿದ ಸದ್ದು ಬಂದ ತಕ್ಷಣ ಯಂತ್ರ ಆರಿಸಿ, ಬಾಗಿಲ ಹಿಂದಿನ ಮೇನ್ ಸ್ವಿಚ್ ಇಳಿಸಿ, ಷಟರ್ ಎಳೆಯುವುದು. ಬೆಳಿಗ್ಗೆ ಸ್ವಿಚ್ ಏರಿಸಿದೊಡನೆ ಮತ್ತೆ ಎಡಿಟಿಂಗ್. ಜಗಲಿಯ ಮೂಟೆಗಳನ್ನು ಕಣಜಕ್ಕೆ ಹೊರುವ ಕೆಲಸಕ್ಕೂ, ಸ್ಲೇಟು ಒರೆಸಿಡುವ ಕೆಲಸಕ್ಕೂ ಡ್ರೈವ್‌ಗೆ ಬೇಕಾದದ್ದು ವಿದ್ಯುತ್ ಇದ್ದೂ ಕೆಲಸವಿಲ್ಲದ ಒಂದಷ್ಟು ಹೊತ್ತು, ಅದು ಆ ಯಂತ್ರಕ್ಕೆ ದಿನದಲ್ಲಿ ಒಮ್ಮೆಯೂ ಸಿಗುತ್ತಿರಲಿಲ್ಲ. ಟ್ರಿಮ್ ಕಳುಹಿಸಿ, ಯಂತ್ರವನ್ನು ಒಂದು ರಾತ್ರಿ ಸ್ಲೀಪ್‌ಗೆ ಹೋಗದಂತೆ ಚಾಲೂ ಇಟ್ಟು, ಮರುದಿನ ಅದೇ 180 ಜಿಬಿಯನ್ನು ಕಾಪಿ ಮಾಡಿದಾಗ ಮೆಟ್ಟಿಲು 14ರಿಂದ 38 ಜಿಬಿಗೆ ಸರಿದಿತ್ತು, ಅದರ ಕೆಳಗಿನ ವೇಗ 30ರಿಂದ 80ಕ್ಕೆ ಏರಿತ್ತು. ಒಟ್ಟು ಸಮಯ ಅರ್ಧ ಗಂಟೆ. ಇದರ ಮೇಲೆ ಆ ಡ್ರೈವ್‌ನಿಂದ ಏನನ್ನೂ ನಿರೀಕ್ಷಿಸುವಂತಿಲ್ಲ, ಅದರ ಹುಟ್ಟುಗುಣವೇ ಅಷ್ಟು.

ಗರಗಸದಂತೆ ಏರಿಳಿದರೆ

ಬಿಸಿಯ ದೋಷ ಎನ್‌ವಿಎಂಇ ಡ್ರೈವ್‌ಗಳದ್ದು; ಸಾಟಾ ಡ್ರೈವ್‌ಗಳಲ್ಲಿ ಅಪರೂಪ. ಕಂಟ್ರೋಲರ್‌ನ ತಾಪಮಾನ 70 ರಿಂದ 85 ಡಿಗ್ರಿಯ ನಡುವೆ, ಮಾದರಿಗೆ ತಕ್ಕಂತೆ ಗೊತ್ತುಪಡಿಸಿದ ಮಟ್ಟ ಮುಟ್ಟಿದಾಗ ಡ್ರೈವ್ ತಾನಾಗಿ ವೇಗ ತಗ್ಗಿಸಿ, ತಣಿದ ಮೇಲೆ ಮತ್ತೆ ಏರಿಸುತ್ತದೆ. ಗರಗಸದ ಹಲ್ಲುಗಳು ಹುಟ್ಟುವುದು ಹೀಗೆ. ಕಾಪಿ ನಡೆಯುತ್ತಿರುವಾಗಲೇ ತಾಪಮಾನ ನೋಡಬೇಕು, ಮುಗಿದ ಮೇಲೆ ನೋಡಿದರೆ ಪ್ರಯೋಜನವಿಲ್ಲ. ಜೊತೆಗೆ ಎನ್‌ವಿಎಂಇ ಡ್ರೈವ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ದಾಖಲೆಯಲ್ಲಿ, ಎಚ್ಚರಿಕೆಯ ತಾಪಮಾನ ಮೀರಿ ಒಟ್ಟು ಎಷ್ಟು ನಿಮಿಷ ಕಳೆದಿದೆ ಎಂಬ ಲೆಕ್ಕವೂ ಇರುತ್ತದೆ, ಅದು ಸುಳ್ಳು ಹೇಳುವುದಿಲ್ಲ.

ಮೈಸೂರಿನ ಸರಸ್ವತಿಪುರಂನ ಒಂದು ಡಿಟಿಪಿ ಅಂಗಡಿಯಲ್ಲಿ ಏಪ್ರಿಲ್ ಮಧ್ಯಾಹ್ನಗಳಲ್ಲಿ ಮಾತ್ರ ನಿಧಾನವಾಗುತ್ತಿದ್ದ ಯಂತ್ರವೊಂದಿತ್ತು. ಡ್ರೈವ್ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ ಅಡಗಿದ್ದದ್ದು ಒಂದು ಕಾರಣವೆಂದುಕೊಂಡು ಕಾರ್ಡ್ ತೆಗೆದು, ಅದರ ಕೆಳಗಿನ ಹೀಟ್‌ಸಿಂಕ್‌ನ ಸ್ಕ್ರೂ ಬಿಚ್ಚಿ ಎತ್ತಿದರೆ, ಥರ್ಮಲ್ ಪ್ಯಾಡಿನ ಮೇಲಿನ ನೀಲಿ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಪ್ಯಾಡ್ ಚಿಪ್ಪಿಗೆ ಅಂಟಲೇ ಇಲ್ಲ. ಎರಡು ವರ್ಷದ ಬಿಸಿಗೆ ಹಾಳೆಯ ಒಂದು ಮೂಲೆ ಸುಕ್ಕುಗಟ್ಟಿ, ಅದರ ಮೇಲೆ ಕಂಟ್ರೋಲರ್ ಚಿಪ್ಪಿನ ಚೌಕಾಕಾರದ ಅಚ್ಚು ಮೂಡಿತ್ತು. ಉಗುರಿನಿಂದ ಹಾಳೆ ಸುಲಿದು ಮತ್ತೆ ಕೂರಿಸಿದ ಮೇಲೆ ತಾಪಮಾನ ಹದಿನೈದು ಡಿಗ್ರಿಗೂ ಹೆಚ್ಚು ಇಳಿಯಿತು. ಕೂಲಿ ತೆಗೆದುಕೊಳ್ಳಲು ನನಗೇ ಸ್ವಲ್ಪ ಸಂಕೋಚವಾಯಿತು.

ದೊಡ್ಡ ಫೈಲ್ ಸರಿ, ಚಿಕ್ಕವು ಮಾತ್ರ ನಿಧಾನವಾದರೆ

ಐವತ್ತು ಸಾವಿರ ಚಿಕ್ಕ ಫೋಟೋಗಳ ಫೋಲ್ಡರ್, ಅಷ್ಟೇ ತೂಕದ ಒಂದು ವಿಡಿಯೋಗಿಂತ ನಿಧಾನವಾಗಿ ಹೋಗುವುದು ಸಹಜ. ಪ್ರತಿ ಫೈಲಿಗೂ ಹೆಸರು ದಾಖಲಿಸುವ, ಆಂಟಿವೈರಸ್ ತೆರೆದು ಮೂಸಿ ನೋಡುವ ಕೆಲಸ ಇರುತ್ತದೆ. ಗಾತ್ರ ಕುಗ್ಗಿಸದೆ ಬರಿದೇ ಒಟ್ಟುಗೂಡಿಸುವ ಜಿಪ್ ಫೈಲ್ ಮಾಡಿ ಕಾಪಿ ಮಾಡುವುದೇ ಸುಲಭದ ದಾರಿ. ಬಿಲ್ಲಿಂಗ್ ಮತ್ತು ಲೆಕ್ಕಪತ್ರದ ತಂತ್ರಾಂಶಗಳ ಕಥೆ ಬೇರೆ. ಅವು ಪ್ರತಿ ನಮೂದನ್ನೂ ಚಿಪ್ಪಿಗೇ ತಲುಪಿಸು, ತಲುಪಿದ ಮೇಲೆ ಹೇಳು ಎಂದು ಒತ್ತಾಯಿಸುತ್ತವೆ. ವಿದ್ಯುತ್ ಹೋದರೂ ದತ್ತಾಂಶ ಉಳಿಸುವ ಕೆಪಾಸಿಟರ್‌ಗಳಿರುವ ಸರ್ವರ್ ದರ್ಜೆಯ ಡ್ರೈವ್ ಈ ಮಾತಿಗೆ ಕ್ಷಣದಲ್ಲಿ ಹೂಂ ಎನ್ನುತ್ತದೆ, ಮನೆಬಳಕೆಯ ಡ್ರೈವ್ ಪ್ರತಿ ಸಲವೂ ನಿಜಕ್ಕೂ ಬರೆದೇ ಹೇಳಬೇಕಾಗುತ್ತದೆ. ಹತ್ತು ಜನ ಒಟ್ಟಿಗೆ ಬಿಲ್ ಹಾಕುವ ಅಂಗಡಿಗೆ ಎಷ್ಟು ದುಬಾರಿ ಗೇಮಿಂಗ್ ಡ್ರೈವ್ ಹಾಕಿದರೂ ಈ ತೊಡಕು ಹೋಗುವುದಿಲ್ಲ.

ಸೊನ್ನೆಗೆ ಬಿದ್ದು ಏಳುತ್ತಿದ್ದರೆ

ಈವೆಂಟ್ ವ್ಯೂವರ್‌ನ ಸಿಸ್ಟಮ್ ದಾಖಲೆಯಲ್ಲಿ ಆ ಹೊತ್ತಿನ ನಮೂದುಗಳನ್ನು ನೋಡಬೇಕು. 129 ಸಂಖ್ಯೆಯ ನಮೂದು ಇದ್ದರೆ ಡ್ರೈವ್ ಉತ್ತರ ಕೊಡದೆ ವಿಂಡೋಸ್ ಅದನ್ನು ಮರುಹೊಂದಿಸಿದೆ ಎಂದರ್ಥ. 7 ಇದ್ದರೆ ಕೆಟ್ಟ ಬ್ಲಾಕ್. ಇಲ್ಲಿ ಸಾಟಾ ಡ್ರೈವ್‌ಗಳಿಗೆ ಒಂದು ವಿಚಾರಣೆ ಬಾಕಿ ಇರುತ್ತದೆ: ಸ್ಮಾರ್ಟ್ ಪಟ್ಟಿಯಲ್ಲಿ ಸಿ7 ಎಂದು ಗುರುತಿಸಿದ ಸಿಆರ್‌ಸಿ ದೋಷಗಳ, ಅಂದರೆ ದಾರಿಯಲ್ಲಿ ದತ್ತಾಂಶ ಕೆಟ್ಟ ಸಲಗಳ, ಎಣಿಕೆ. ಕಾಪಿಗೆ ಮುಂಚೆ, ಕಾಪಿಯ ನಂತರ ಅದನ್ನು ಬರೆದುಕೊಂಡು, ಎಣಿಕೆ ಏರಿದ್ದರೆ ತಪ್ಪು ಬಹುತೇಕ ಕೇಬಲ್ಲಿನದ್ದು. ನೂರು ರೂಪಾಯಿಯ ಕೇಬಲ್ ಬದಲಿಸಿ ಮತ್ತೆ ನೋಡಬೇಕು. ಹಳೆಯ ಎಣಿಕೆ ಸೊನ್ನೆಗೆ ಮರಳುವುದಿಲ್ಲ, ಅದಕ್ಕೆ ಹೆದರಬೇಕಾಗಿಲ್ಲ. ಮುಂದೆ ಏರದಿದ್ದರೆ ಸಾಕು. ಎಣಿಕೆ ಏರದೆ, ಕೆಟ್ಟದ್ದರ ಬದಲಿಗೆ ಬಳಸಿದ ಸೆಕ್ಟರ್‌ಗಳ ಸಂಖ್ಯೆ ಏರುತ್ತಿದ್ದರೆ, ಅಥವಾ ಎನ್‌ವಿಎಂಇಯಲ್ಲಿ “ಅವೈಲಬಲ್ ಸ್ಪೇರ್” (ಬದಲಿಗೆಂದು ಇನ್ನೂ ಉಳಿದಿರುವ ಜಾಗ) ತನ್ನ ಕನಿಷ್ಠ ಮಿತಿಯ ಹತ್ತಿರ ಬಂದಿದ್ದರೆ, ದುರಸ್ತಿಯ ಯೋಚನೆ ಬಿಟ್ಟು ಡ್ರೈವ್ ಬದಲಿಸಬೇಕು.

ಸವೆತದ ಭಯ ಮಾತ್ರ ಜನರಲ್ಲಿ ಅಗತ್ಯಕ್ಕಿಂತ ಹೆಚ್ಚಿದೆ. 1 ಟಿಬಿಯ ಟಿಎಲ್‌ಸಿ ಡ್ರೈವ್‌ಗಳಿಗೆ 600 ಟಿಬಿ ಬರವಣಿಗೆಯ ಖಾತರಿ ಸಾಮಾನ್ಯ. ದಿನಕ್ಕೆ 100 ಜಿಬಿಯಂತೆ ಬರೆದರೂ ಅದು ಮುಗಿಯಲು 6,000 ದಿನ, ಅಂದರೆ ಹದಿನಾರು ವರ್ಷ ಬೇಕು. ಸ್ಟುಡಿಯೋದ ಡ್ರೈವ್‌ನ ಆರೋಗ್ಯ 91 ಪ್ರತಿಶತ ಎಂದಿತ್ತು. ಬದಲಿಸಲು ಹಣ ಹೊಂದಿಸಿಟ್ಟಿದ್ದವರಿಗೆ ಆ ಅಂಕಿಯನ್ನು ನಂಬಿಸುವುದೇ ಒಂದು ಕೆಲಸವಾಯಿತು.

ಕೊನೆಯ ಅಸ್ತ್ರ

ಮೇಲಿನದೆಲ್ಲ ಆದಮೇಲೂ ವೇಗ ಮರಳದಿದ್ದರೆ ಸೆಕ್ಯೂರ್ ಎರೇಸ್ ಉಳಿದಿದೆ. ತಯಾರಕರ ತಂತ್ರಾಂಶದಿಂದಲೋ ಬಯಾಸ್‌ನಿಂದಲೋ ಕೊಡುವ ಈ ಆಜ್ಞೆ ಎಲ್ಲ ಸ್ಲೇಟುಗಳನ್ನೂ ಒಮ್ಮೆಗೇ ಒರೆಸಿ ಡ್ರೈವ್ ಅನ್ನು ಹೊಸದರ ಸ್ಥಿತಿಗೆ ತರುತ್ತದೆ, ಒಳಗಿದ್ದ ಎಲ್ಲವನ್ನೂ ಮರಳಿ ಬಾರದಂತೆ ಅಳಿಸುತ್ತದೆ. ಇದರ ಬದಲು ಇಡೀ ಡ್ರೈವ್‌ಗೆ ಸೊನ್ನೆ ತುಂಬುವುದಾಗಲಿ, ಡಿಫ್ರಾಗ್ ಮಾಡುವುದಾಗಲಿ ಹಾರ್ಡ್ ಡಿಸ್ಕ್ ಕಾಲದ ಅಭ್ಯಾಸ. ಎರಡೂ ಬರವಣಿಗೆ ಹೆಚ್ಚಿಸುತ್ತವೆ, ವೇಗ ಕೊಡುವುದಿಲ್ಲ. ಎರೇಸ್ ಆದ ಮೇಲೆ ಪಾರ್ಟಿಶನ್ ಮಾಡುವಾಗ ಹತ್ತನೆಯ ಒಂದು ಭಾಗವನ್ನು ಯಾರ ಹೆಸರಿಗೂ ಬರೆಯದೆ ಬಿಟ್ಟರೆ, ಮಾಲೀಕರು ಎಷ್ಟೇ ತುಂಬಿಸಿದರೂ ಕಂಟ್ರೋಲರ್‌ಗೆ ಒಂದಿಷ್ಟು ಖಾಲಿ ಸ್ಲೇಟು ಉಳಿಯುತ್ತದೆ. ತುಂಬಿಸುವುದನ್ನು ನಿಲ್ಲಿಸಿ ಎಂದು ಹೇಳಿ ಕೇಳಿಸಿಕೊಂಡ ಸ್ಟುಡಿಯೋವನ್ನು ನಾನಿನ್ನೂ ಕಂಡಿಲ್ಲ.

ಮಂಡ್ಯದ ಯಂತ್ರದಲ್ಲಿ ಅದರ ಅಗತ್ಯ ಬೀಳಲಿಲ್ಲ. ಹೊಂದಿಸಿಟ್ಟ ಹಣದಲ್ಲಿ ಮಾಲೀಕರು 1 ಟಿಬಿಯ ಟಿಎಲ್‌ಸಿ ಸಾಟಾ ಡ್ರೈವ್ ಒಂದನ್ನು ದಿನನಿತ್ಯದ ಕಾಪಿಗೆ ತಂದರು. ಹಳೆಯ ಕ್ಯೂಎಲ್‌ಸಿ, ಗಿರಾಕಿಗೆ ಕೊಟ್ಟು ಮುಗಿದ ಮದುವೆಗಳನ್ನು ಇಡುವ ಜಾಗವಾಯಿತು, ಅಲ್ಲಿ ಅದು ವಾರಕ್ಕೊಮ್ಮೆ ಬರೆಸಿಕೊಂಡು ಉಳಿದ ಹೊತ್ತು ಓದಿಸಿಕೊಳ್ಳುತ್ತಾ ಇದೆ. ಅದೇ 180 ಜಿಬಿ ಈಗ ಏಳು ನಿಮಿಷದೊಳಗೆ ಇಳಿಯುತ್ತದೆ. ಟ್ರಿಮ್ ಕಳುಹಿಸಿದ ತಾರೀಖು, ಮೆಟ್ಟಿಲು ಬರುವ ಜಿಬಿ, ಅದರ ಮೇಲಿನ ಮತ್ತು ಕೆಳಗಿನ ವೇಗ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಮೈಗೆ ಅಂಟಿಸಿ ಬಂದಿದ್ದೇನೆ, ಮುಂದಿನ ಸಲ ದೂರು ಬಂದಾಗ ಹೋಲಿಸಿ ನೋಡಲು. ಬಾಗಿಲ ಹಿಂದಿನ ಮೇನ್ ಸ್ವಿಚ್ಚಿನ ಪಕ್ಕದಲ್ಲಿ ಮಾಲೀಕರೇ ಇನ್ನೊಂದು ಚೀಟಿ ಅಂಟಿಸಿದ್ದಾರೆ: ಕಾಪಿ ಆದ ಮೇಲೆ ಅರ್ಧ ಗಂಟೆ ಬಿಟ್ಟು ಆರಿಸಿ.